ಪಾದ್ರಿಯ ಪದ್ಯಕ್ಕೆ ನಾನು ಆರಿಸಿದ ರಾಗ

ಹಾಡಿನಲ್ಲಿ ಮುಖ್ಯವಾದದ್ದು ಮಾತು. ರಾಗ ಏನಿದ್ದರೂ ಆ ಮಾತನ್ನು ಕೂರಿಸಿಕೊಂಡು ಹೋಗುವ ಆಟೋ. ಆಟೋ ಯಾವುದಾದರೇನು, ಕೂತವನು ಊರು ಮುಟ್ಟಿದರೆ ಸಾಕಲ್ಲ! ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಸಿದ್ಧಾಂತವನ್ನು ತರಗತಿಯಲ್ಲಿ, ಕಮಲಾಪುರದ ಬಸ್ಸಿನಲ್ಲಿ, ಕಡೆಗೆ ಕಟಿಂಗ್ ಶಾಪಿನ ಕುರ್ಚಿಯಲ್ಲೂ ಮಂಡಿಸಿದ್ದೇನೆ. ಯಾರೊಬ್ಬರೂ ವಿರೋಧಿಸಿರಲಿಲ್ಲ. ಎಲ್ಲರೂ ಒಪ್ಪಿದ್ದಾರೆಂದು ನಾನು ತಿಳಿದಿದ್ದೆ. ಯಾರೂ ಕೇಳಿಸಿಕೊಂಡೇ ಇರಲಿಲ್ಲ ಎಂಬುದು ಈಗ ಗೊತ್ತಾಗಿದೆ.

ಈ ಸಿದ್ಧಾಂತದ ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ನನಗೆ ರಾಗ ತಿಳಿಯುವುದಿಲ್ಲ. ಒಂದು ರಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ದೇವರಾಣೆಗೂ ಗೊತ್ತಾಗುವುದಿಲ್ಲ. ರಾಷ್ಟ್ರಗೀತೆಯನ್ನು ಕೂಡ ಪಕ್ಕದವರು ಎದ್ದು ನಿಂತ ಮೇಲೆಯೇ ಗುರುತಿಸುವವನು ನಾನು. ಹುಟ್ಟಿದ್ದು ಕಂಪ್ಲಿಯಲ್ಲಿ. ಅಲ್ಲಿ ನಮ್ಮವು ಕ್ರೈಸ್ತರ ನಾಲ್ಕಾರು ಮನೆ. ಪ್ರಾರ್ಥನೆ ನಮ್ಮ ಪಡಸಾಲೆಯಲ್ಲೇ. ಒಂದು ತಬಲಾ, ಒಂದು ಜೋಡಿ ತಾಳ, ಮೇಲೆ ನಮ್ಮ ದೊಡ್ಡಪ್ಪನ ಗಂಟಲು. ಅಷ್ಟು ಗದ್ದಲದಲ್ಲಿ ರಾಗ ಹುಡುಕುವ ಅಗತ್ಯವೇ ಬೀಳಲಿಲ್ಲ. ನೌಕರಿಗೆಂದು ಹೊಸಪೇಟೆಗೆ ಬಂದು, ಸುಲೋಚನಾಳನ್ನು ಮದುವೆಯಾದೆ. ಅವಳು ಇಲ್ಲಿನ ಹಳೆಯ ಚರ್ಚಿನಲ್ಲೇ ಬೆಳೆದವಳು. ಇಲ್ಲಿ ಎಲ್ಲವೂ ಬಿಳಿ ಮಿಶನರಿ ದೊರೆಗಳು ಕಲಿಸಿಹೋದ ಇಂಗ್ಲಿಷ್ ರಾಗಗಳು, ಕನ್ನಡ ಮಾತುಗಳು. ಎರಡು ಸ್ವರ ಕೇಳಿದರೆ ಸಾಕು, ಇದು ಕ್ರಿಸ್ಮಸ್ಸಿನದು, ಇದು ಶುಭ ಶುಕ್ರವಾರದ್ದು ಅಂತ ಸುಲೋಚನಾ ಹೇಳಿಬಿಡುತ್ತಾಳೆ. ನಾನು ಮಾತು ಶುರುವಾಗುವವರೆಗೆ ಕಾಯುತ್ತೇನೆ, ಮಾತಿನಲ್ಲಿ ತಪ್ಪು ಹುಡುಕುತ್ತೇನೆ.

ನಮಗೆ ಒಬ್ಬಳೇ ಮಗಳು, ಸ್ನೇಹ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವಳ ಗಂಡ ಸುನೀಲ ಇಲ್ಲೇ ಹೊಸಪೇಟೆಯಲ್ಲಿ ಜಾಂಡೀಸ್ ಬಂದು ತೀರಿಕೊಂಡ. ಆಮೇಲಿನ ವರ್ಷಗಳ ವಿಷಯ ನಾನು ಹೇಳುವುದಿಲ್ಲ. ಇನ್ನೊಂದು ಮದುವೆಯ ಮಾತೆತ್ತಲು ನಮಗೆ ಧೈರ್ಯವಿರಲಿಲ್ಲ. ಕಡೆಗೆ ಸಂಡೂರಿನ ಹೈಸ್ಕೂಲು ಮೇಷ್ಟ್ರು ಪ್ರಕಾಶ ತಾನಾಗಿಯೇ ಬಂದು ಕೇಳಿದ. ಸ್ನೇಹ ಬಹಳ ದಿನ ಯೋಚಿಸಿ, ಒಂದು ಸಂಜೆ ಹೂಂ ಅಂದಳು. ಅಂದವಳೇ ನನ್ನ ಎದುರಿಗೆ ಕೂತಳು.

“ಒಂದ ಮಾತು, ಅಪ್ಪಾ. ಅವತ್ತು ಯಾರೂ ಅಳಬಾರದು. ನನ್ನ ನೋಡಿ ‘ಪಾಪ’ ಅಂತ ಯಾರೂ ಲೊಚಗುಟ್ಟಬಾರದು. ಸುನೀಲನ ನೆನಪು ನನ್ನ ಹತ್ರ ಐತಿ. ಅವತ್ತೊಂದ ದಿನ ಅದನ್ನ ಯಾರೂ ಕೆದಕಬಾರದು. ಆಗೋದಾದ್ರ ಚರ್ಚಿನ್ಯಾಗ ಮಾಡ್ರಿ. ಇಲ್ಲಂದ್ರ ರಿಜಿಸ್ಟ್ರಾರ್ ಆಫೀಸಿನ್ಯಾಗ ಸೈನ್ ಮಾಡಿ ಬರ್ತೀವಿ.”

“ಆ ಜವಾಬ್ದಾರಿ ನಂದು!” ಅಂದೆ.

ಸುಲೋಚನಾಳ ಮುಖ ಸಣ್ಣದಾಯಿತು. ನಾನು ಜವಾಬ್ದಾರಿ ಹೊತ್ತಾಗಲೆಲ್ಲ ಅವಳಿಗೆ ಹೀಗೇ ಆಗುತ್ತದೆ.

ಕೂಡಲೇ ಒಂದು ಅಪಾಯ ನನ್ನ ಗಮನಕ್ಕೆ ಬಂತು. ನಮ್ಮ ಚರ್ಚಿನಲ್ಲಿ ಮದುಮಗಳು ಒಳಗೆ ನಡೆದು ಬರುವಾಗ ಹಾಡುವುದು ಒಂದೇ ಹಾಡು. ಎಲ್ಲರ ಮದುವೆಗೂ ಅದೇ. ಸ್ನೇಹಳ ಮೊದಲ ಮದುವೆಗೂ ಅದೇ! ಅದನ್ನೇ ಮತ್ತೆ ಹಾಡಿದರೆ ಅವಳಿಗೆ ಹಳೆಯದೆಲ್ಲ ನೆನಪಾಗದೇ ಇರುತ್ತದೆಯೇ? ಬೇಡ. ಹೊಸ ಹಾಡು ಬೇಕು. ಈ ಸೂಕ್ಷ್ಮ ಹೊಳೆದ ಏಕೈಕ ವ್ಯಕ್ತಿ ನಾನು ಎಂಬ ಹೆಮ್ಮೆಯಿಂದ ಸಭಾಪಾಲಕರ ಮನೆಗೆ ಹೋದೆ. ಅವರನ್ನು ನಾವು ಅಯ್ಯನವರು ಅನ್ನುತ್ತೇವೆ. ಕರಾವಳಿ ಕಡೆಯಿಂದ ವರ್ಗವಾಗಿ ಬಂದು ಇನ್ನೂ ಸಾಮಾನು ಬಿಚ್ಚುತ್ತಿದ್ದರು.

“ಒಳ್ಳೆ ವಿಚಾರ ಮಾಸ್ಟ್ರೇ. ಬೀರುವಿನಲ್ಲಿ ಒಂದು ಹಳೇ ಇಂಗ್ಲಿಷ್ ಗೀತ ಪುಸ್ತಕ ಉಂಟು. ಅದರಲ್ಲಿ ಮದುವೆಗೆ ಅಂತಲೇ ಬೇರೆ ವಿಭಾಗ ಉಂಟು. ತಕ್ಕೊಂಡು ಹೋಗಿ” ಎಂದರು.

ಪುಸ್ತಕ ತಂದೆ. ಮದುವೆಯ ವಿಭಾಗದಲ್ಲಿ ಒಂದು ಪದ್ಯ ಕಣ್ಣಿಗೆ ಬಿತ್ತು. ಬರೆದವನು ಇಂಗ್ಲೆಂಡಿನ ಯಾವುದೋ ಹಳ್ಳಿಯ ಆಂಗ್ಲಿಕನ್ ಪಾದ್ರಿ. ಪುಟದ ಎಡಗಡೆ ಇರುವೆ ಗಾತ್ರದ ಅಕ್ಷರದಲ್ಲಿ ಆತನ ಹೆಸರು. ಮೇಲೆ ದಪ್ಪಕ್ಷರದಲ್ಲಿ ರಾಗದ ಹೆಸರು. ಆ ಕಡೆ ರಾಗಗಳಿಗೆ ಊರಿನ ಹೆಸರು ಇಡುತ್ತಾರೆ. ಬಲಗಡೆ ರಾಗ ಹಾಕಿದವನ ಹೆಸರು, ಅದೂ ದಪ್ಪ! ನನ್ನ ರಕ್ತ ಕುದಿಯಿತು. ಮುನ್ನುಡಿಯಲ್ಲಿ ಆತನ ಬಗ್ಗೆ ನಾಲ್ಕು ಸಾಲಿದ್ದವು. ಜೀವಮಾನವಿಡೀ ಸ್ತುತಿಗೀತೆ ಬರೆದನಂತೆ, ಹಲವು ಸಂಗೀತಗಾರರು ರಾಗ ಹಾಕಿದರಂತೆ, ಆ ರಾಗಗಳಲ್ಲಿ ಒಂದೂ ಆತನಿಗೆ ಹಿಡಿಸಲಿಲ್ಲವಂತೆ. ಆ ಪಾದ್ರಿಯ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬದುಕಿದ್ದರೆ ಮದುವೆಗೆ ಮೊದಲ ಆಮಂತ್ರಣ ಆತನಿಗೇ ಹೋಗುತ್ತಿತ್ತು.

ಅನುವಾದಕ್ಕೆ ಕೂತೆ. ಇಂಥ ಗೀತೆಗಳಲ್ಲಿ ಸಾಲಿಗೆ ಇಷ್ಟೇ ಅಕ್ಷರ ಎಂಬ ಕಟ್ಟು ಇರುತ್ತದೆ. ಇದರಲ್ಲಿ ಮೊದಲ ಸಾಲು ಎಂಟು, ಎರಡನೆಯದು ಏಳು, ಮತ್ತೆ ಎಂಟು, ಮತ್ತೆ ಏಳು. ಅಳತೆ ಒಂದೇ ಇದ್ದರೆ ಯಾವ ಮಾತನ್ನು ಯಾವ ರಾಗಕ್ಕೆ ಬೇಕಾದರೂ ಹಾಡಬಹುದು. ಪುಸ್ತಕದ ಕೊನೆಗೆ ಅದಕ್ಕೆಂದೇ ಒಂದು ಪಟ್ಟಿ! ನನ್ನ ಸಿದ್ಧಾಂತಕ್ಕೆ ಸಾಕ್ಷಾತ್ ಇಂಗ್ಲೆಂಡಿನಿಂದ ಬೆಂಬಲ ಸಿಕ್ಕಿತ್ತು. ಆದರೆ ಕನ್ನಡಕ್ಕೆ ಏಳು ಅಕ್ಷರ ಅಂದರೆ ಒಂದು ತುತ್ತು. ‘ಸಹಧರ್ಮಚಾರಿಣಿ’ ಅಂತ ಬರೆದೆ. ಸಾಲು ಅಲ್ಲಿಗೇ ಮುಗಿಯಿತು!

ಬೆರಳು ಎಣಿಸುತ್ತ ಮನೆಯೆಲ್ಲ ಓಡಾಡಿದೆ. ಅಡುಗೆಮನೆಯಿಂದ ಸುಲೋಚನಾ ಇಣುಕಿದಳು.

“ಏನ್ರಿ ಅದು, ಜಪಾ ಮಾಡಾಕ ಹತ್ತೀರೇನು?”

“ಕಾವ್ಯ! ನಿನಗ ತಿಳಿಯೋದಿಲ್ಲ.”

“ತಿಳಿಯೋದು ಬ್ಯಾಡ ಬಿಡ್ರಿ. ಶಾಮಿಯಾನದವರಿಗೆ ಫೋನ್ ಹಚ್ಚೀರೇನು?”

ಹಚ್ಚಿರಲಿಲ್ಲ. ಶಾಮಿಯಾನ ಯಾರು ಬೇಕಾದರೂ ಹಾಕುತ್ತಾರೆ. ಈ ನಾಲ್ಕು ಚರಣಗಳನ್ನು ಇನ್ಯಾರು ಬರೆಯುತ್ತಾರೆ? ಮೊದಲ ಚರಣ ಹೀಗೆ ಬಂತು:

ಇಂದಿನಿಂದ ದಾರಿ ಒಂದೇ,
ಹೊಸ ಮನೆ ಕಾದಿದೆ;
ಹಳೆ ಮನೆ ಬಿಟ್ಟು ನಡೆ,
ಬಾಗಿಲು ತೆರೆದಿದೆ.

ಎಣಿಸಿದೆ. ಎಂಟು, ಏಳು, ಎಂಟು, ಏಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ! ಸ್ನೇಹಳಿಗೆ ತೋರಿಸಿದೆ. ನಿಧಾನವಾಗಿ ಓದಿದಳು.

“ಚೆಂದ ಐತಿ ಅಪ್ಪಾ. ಅಳಿಸುವಂಥಾದ್ದು ಏನೂ ಇಲ್ಲಲ್ಲ?”

“ಒಂದ ಹನಿ ಸೈತ ಇಲ್ಲ!”

ಅವಳು ನಕ್ಕಳು. ಬಹಳ ದಿನದ ಮೇಲೆ ಹಲ್ಲು ಕಾಣುವಂತೆ ನಕ್ಕಳು. ಆ ನಗು ನನ್ನ ಪದ್ಯದಿಂದ ಬಂತೆಂದು ನಾನು ಲೆಕ್ಕ ಹಾಕಿಕೊಂಡೆ. ಪ್ರಕಾಶನ ಫೋನು ಆಗಷ್ಟೇ ಬಂದಿತ್ತು ಎಂದು ಸುಲೋಚನಾಳ ಅಭಿಪ್ರಾಯ.

ಇನ್ನು ಉಳಿದದ್ದು ರಾಗ, ಅಂದರೆ ಆಟೋ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಜಯಕುಮಾರ ನನ್ನ ಹಳೇ ವಿದ್ಯಾರ್ಥಿ. ಕಾಲೇಜಿನಲ್ಲಿ ಅವನಿಗೆ ಸಂಧಿ ಬರುತ್ತಿರಲಿಲ್ಲ ಎಂಬುದನ್ನು ಇವತ್ತಿಗೂ ಸಿಕ್ಕಾಗಲೆಲ್ಲ ನೆನಪು ಮಾಡುತ್ತೇನೆ, ಅವನೂ ಮರೆಯಬಾರದಲ್ಲ. ಪುಸ್ತಕ ಹಿಡಿದು ಹೋದೆ. ಪಾದ್ರಿಯ ಪದ್ಯಕ್ಕೆ ಅದರಲ್ಲಿ ಎರಡು ರಾಗ ಅಚ್ಚಾಗಿದ್ದವು. ಮೊದಲನೆಯದನ್ನು ಜಯಕುಮಾರ ನೋಡಿ ತಲೆಯಾಡಿಸಿದ.

“ಭಾಳ ಮ್ಯಾಲ ಹೋಗ್ತೈತಿ ಸರ್. ನಮ್ಮ ಮಂದಿ ಗಂಟಲು ಹರಕೊಂತಾರ.”

“ಹಂಗಾದ್ರ ಎರಡನೇದು ಹಾಕು.”

ಅವನು ಎರಡನೆಯದರ ಎರಡು ಸಾಲು ಮೆಲ್ಲಗೆ ನುಡಿಸಿದ. ತಟ್ಟನೆ ಕೈ ತೆಗೆದ. ನನ್ನ ಮುಖ ನೋಡಿದ.

“ಸರ್, ಇದು ನಮ್ಮಲ್ಲಿ...”

“ನಮ್ಮಲ್ಲಿ ಮದುವ್ಯಾಗ ಹಾಡಿಲ್ಲ, ಅಷ್ಟ ಅಲ್ಲ? ಅದಕ್ಕ ಹಾಡಸೋದು!”

“ಅಲ್ಲ ಸರ್, ಇದನ್ನ ನಾವು...”

“ಲೇ ಜಯಕುಮಾರ! ಯಾಕ ಇದನ್ನ ಆರಿಸೀನಿ ಅಂತ ನನಗ ಗೊತ್ತೈತಿ. ಇದರ ಹಿಂದ ಭಾಳ ಅರ್ಥ ಐತಿ. ಸ್ನೇಹಾ ಕೇಳಿದ ಕೂಡಲೆ ತಿಳಕೊಂತಾಳ. ನೀ ಒತ್ತೋದು ಒತ್ತು.”

ನಾನು ಹೇಳಿದ್ದು ಪದ್ಯದ ಅರ್ಥ. ಅವನು ಪುಸ್ತಕದ ಆ ಪುಟಕ್ಕೆ ಗುರುತಿಟ್ಟುಕೊಂಡ. ಕಣ್ಣು ಒದ್ದೆಯಾಗಿತ್ತು. “ತಿಳೀತು ಸರ್” ಎಂದ. ಸಂಧಿ ಬಾರದವನಿಗೂ ನನ್ನ ಕಾವ್ಯ ತಟ್ಟಿತಲ್ಲ ಎಂದು ನಾನು ಹಿಗ್ಗಿದೆ. “ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ಹೇಳಿ ಬಂದೆ. ಅವನು ಬಿಡಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವನು ಅವನೊಬ್ಬನೇ. ಅದೂ ಆ ಒಂದೇ ಸಲ!

ಅಯ್ಯನವರು ಪುಸ್ತಕ ನೋಡಿದರು. ಮದುವೆ ವಿಭಾಗ, ಮದುವೆ ಪದ್ಯ, ಅದರ ಮೇಲೇ ಅಚ್ಚಾದ ರಾಗ. “ಎಲ್ಲ ಸರಿ ಉಂಟಲ್ಲ” ಎಂದು ಒಪ್ಪಿದರು. ಪದ್ಯವನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿ ತಂದೆ. ಸುಲೋಚನಾ ಮಾತ್ರ ಬಿಡಲಿಲ್ಲ.

“ಯಾವ ರಾಗ್ರಿ ಇದು?”

ನಾನು ಪುಸ್ತಕದಲ್ಲಿದ್ದ ರಾಗದ ನಂಬರು ಹೇಳಿದೆ.

“ನಂಬರ್ ಯಾರು ಹಾಡ್ತಾರ? ಹಾಡಿ ತೋರಸ್ರಿ.”

ಜಯಕುಮಾರ ನುಡಿಸಿದ್ದನ್ನು ನೆನಪಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲ ಚರಣವನ್ನು ಪೂರ್ತಿ ಹಾಡಿದೆ. ಆ ರಾಗವನ್ನು ಸುಲೋಚನಾ ಹುಟ್ಟಿದಾಗಿನಿಂದ ಕೇಳಿದವಳು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಗುರುತಿಸುವವಳು. ನಾನು ಹಾಡಿ ಮುಗಿಸಿದ ಮೇಲೆ ಎರಡು ನಿಮಿಷ ಯೋಚಿಸಿ, “ಇಂಥಾದ್ದು ನಾ ಎಲ್ಲೂ ಕೇಳಿಲ್ಲ” ಎಂದಳು.

ಹೀಗೆ ಕಟ್ಟಕಡೆಯ ತಪಾಸಣೆಯೂ ಮುಗಿಯಿತು.

ಮದುವೆಯ ದಿನ ಬಂತು. ಚರ್ಚು ತುಂಬಿತ್ತು. ಸಂಡೂರಿನಿಂದ ಬೀಗರ ಬಸ್ಸು, ಕಂಪ್ಲಿಯಿಂದ ನಮ್ಮವರು, ಹೊರಗೆ ಮರಿಯಮ್ಮನಹಳ್ಳಿಯ ಬ್ಯಾಂಡು. ಕಂಪ್ಲಿಯವರ ಜೊತೆ ಸುನೀಲನ ತಾಯಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸ್ನೇಹಳೇ ಹೋಗಿ ಕರೆದಿದ್ದಳು. ಆ ಬಿಸಿಲಿನಲ್ಲಿ ನಾನು ಸೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸ್ನೇಹ ನನ್ನ ತೋಳು ಹಿಡಿದಿದ್ದಳು. ಮುಂದೆ ಪ್ರಕಾಶ ಕಾಯುತ್ತಿದ್ದ. “ಹೆದರಿಕಿ ಆಗ್ತೈತೇನು?” ಎಂದೆ. “ಇಲ್ಲಪಾ, ಖುಷಿ ಆಗ್ತೈತಿ” ಎಂದಳು. ನಾನು ಜಯಕುಮಾರನಿಗೆ ಕೈ ಎತ್ತಿದೆ.

ಕೀಬೋರ್ಡ್ ಶುರುವಾಯಿತು. ಅಪ್ಪ ಮಗಳು ಹೆಜ್ಜೆ ಇಟ್ಟೆವು.

ನಮ್ಮ ಸಭೆಯಲ್ಲಿ ಹೊಸ ಹಾಡು ಎಂದರೆ ಮೊದಲ ಸಾಲಿಗೆ ನಾಲ್ಕು ಜನ, ಎರಡನೆಯದಕ್ಕೆ ಇಬ್ಬರು, ಮೂರನೆಯದಕ್ಕೆ ಅಯ್ಯನವರು ಒಬ್ಬರೇ. ಆದರೆ ಅವತ್ತು! ಮೊದಲ ಸಾಲಿನಿಂದಲೇ ಇಡೀ ಸಭೆ ಎದ್ದು ನಿಂತು ಹಾಡಿತು. ಗಂಡಸರು ಕೆಳಗಿನ ದನಿ, ಹೆಂಗಸರು ಮೇಲಿನ ದನಿ, ಒಬ್ಬರೂ ತಡವರಿಸಲಿಲ್ಲ. ಕೈಯಲ್ಲಿ ನನ್ನ ಹಾಳೆ, ಬಾಯಲ್ಲಿ ನನ್ನ ಮಾತು. ಒಂದು ಸಲವೂ ಅಭ್ಯಾಸ ಮಾಡದ ಹಾಡು ಇಷ್ಟು ಚೆನ್ನಾಗಿ ಹೇಗೆ ಬಂತು? ಸಾಹಿತ್ಯದ ಶಕ್ತಿ ಎಂದುಕೊಂಡೆ.

ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಭಕ್ತಿ ಎಂದುಕೊಂಡೆ. ಒಬ್ಬೊಬ್ಬರೇ ಕಣ್ಣೊರೆಸಿಕೊಳ್ಳತೊಡಗಿದರು. ಪದ್ಯದಲ್ಲಿ ಒಂದು ಹನಿ ಇಲ್ಲ ಎಂದಿದ್ದೆನಲ್ಲ, ಇದು ಆನಂದಬಾಷ್ಪ ಎಂದುಕೊಂಡೆ. ಅಷ್ಟರಲ್ಲಿ ಬಲಗಡೆಯ ಬೆಂಚಿನಿಂದ ನಾಲ್ವರು ಹಿರಿಯರು ಎದ್ದು, ಸಾಲಾಗಿ ಮುಂದೆ ಹೋಗಿ, ಇಬ್ಬರು ಆ ಕಡೆ ಇಬ್ಬರು ಈ ಕಡೆ ನಿಂತು, ಸ್ವಲ್ಪ ಬಗ್ಗಿ, ಏನನ್ನೋ ಹುಡುಕಿದರು. ಏನೂ ಸಿಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನನ್ನು ಸನ್ಮಾನ ಮಾಡುವ ಯೋಜನೆ ಏನಾದರೂ ಇದೆಯೋ, ಶಾಲು ಮರೆತು ಬಂದರೋ ಎಂದುಕೊಂಡೆ. ದೇವರೇ, ನಿಜವಾಗಿಯೂ ಹಾಗೇ ಅಂದುಕೊಂಡೆ!

ಹೊರಗೆ ವಾಚ್‌ಮನ್ ಗಂಟೆ ಹೊಡೆದ. ಒಂದು ಸಲ. ತಡೆದು ಇನ್ನೊಂದು ಸಲ. ಗಂಟೆ ಕೇಳಿದ್ದೇ ಬ್ಯಾಂಡಿನವರೂ ಕ್ಲಾರಿನೆಟ್ ಎತ್ತಿ ಅದೇ ರಾಗವನ್ನು ಹಿಡಿದರು. ಅವರಿಗೂ ಬಾಯಿಪಾಠ! ನನ್ನ ಕೀರ್ತಿ ಮರಿಯಮ್ಮನಹಳ್ಳಿಯವರೆಗೆ ಹಬ್ಬಿದ್ದು ಯಾವಾಗ ಎಂದು ಬೆರಗಾದೆ.

ಸ್ನೇಹ ನಿಂತುಬಿಟ್ಟಿದ್ದಳು. ಅವಳ ಬೆರಳುಗಳು ನನ್ನ ತೋಳಿನಲ್ಲಿ ನಾಟಿದ್ದವು. ಮಗಳಿಗೆ ಮಾತು ಹೊರಡುತ್ತಿಲ್ಲ ಎಂದು ನಾನೇ ಬಗ್ಗಿ ಕಿವಿಯಲ್ಲಿ ಕೇಳಿದೆ.

“ಹೆಂಗೈತಿ ಸಾಹಿತ್ಯ?”

ಅವಳು ನನ್ನನ್ನು ನೋಡಿದಳು.

“ಅಪ್ಪಾ, ಇದು ಸುನೀಲನ್ನ ಎತ್ತುವಾಗ ಹಾಡಿದ್ದು.”

ಆಗ ತಿಳಿಯಿತು. ಇಂಗ್ಲೆಂಡಿನಲ್ಲಿ ಅದು ಮದುವೆಯ ರಾಗವೇ ಇರಬಹುದು. ಹೊಸಪೇಟೆಯಲ್ಲಿ ಯಾವ ಕಾಲದಲ್ಲೋ ಯಾವನೋ ದೊರೆ ಅಳತೆ ಸರಿಹೋಯಿತೆಂದು ಅದಕ್ಕೆ ಮಣ್ಣಿನ ಹಾಡನ್ನು ಕಟ್ಟಿಹೋಗಿದ್ದ. ಸತ್ತವರ ಪೆಟ್ಟಿಗೆಯನ್ನು ಚರ್ಚಿನಿಂದ ಎತ್ತಿ ಸಮಾಧಿಗೆ ಒಯ್ಯುವಾಗ ಮಾತ್ರ ಅದನ್ನು ಹಾಡುತ್ತಾರೆ. ಆ ರಾಗಕ್ಕೆ ಹೆಗಲು ಕೊಡುವ ನಾಲ್ವರು ತಾವಾಗಿಯೇ ಏಳಬೇಕು, ವಾಚ್‌ಮನ್ ತಾನಾಗಿಯೇ ಗಂಟೆ ಹೊಡೆಯಬೇಕು. ಯಾರೂ ಕರೆಯುವುದಿಲ್ಲ, ಹೇಳುವುದಿಲ್ಲ. ಇಡೀ ಊರಿಗೆ ಗೊತ್ತು. ನೂರಾರು ಸಲ ಅದನ್ನು ಕೇಳಿಯೂ ಗೊತ್ತಿಲ್ಲದ ಕ್ರೈಸ್ತ ಹೊಸಪೇಟೆಯಲ್ಲಿ ಒಬ್ಬನೇ. ಅವನು ಸೂಟು ಹಾಕಿಕೊಂಡು ನಡುದಾರಿಯಲ್ಲಿ ನಿಂತಿದ್ದ.

ಸ್ನೇಹ ಅಳಲಿಲ್ಲ. ಯಾರೂ ಅಳಬಾರದು ಎಂದು ಹೇಳಿದ್ದವಳು ಅವಳೇ. ಮಾತು ಉಳಿಸಿಕೊಂಡವಳೂ ಅವಳೊಬ್ಬಳೇ. ನನ್ನ ತೋಳಿನಿಂದ ಕೈ ತೆಗೆದಳು. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿಕೊಂಡಳು. ಒಬ್ಬಳೇ ನಡೆದಳು. ಹೆಗಲು ಕೊಡಲು ಬಂದಿದ್ದ ಹಿರಿಯರು ದಾರಿ ಬಿಟ್ಟರು. ಮದುಮಗ ತನ್ನ ಜಾಗ ಬಿಟ್ಟು ಬರಬಾರದು, ಪ್ರಕಾಶ ಬಂದ. ಅರ್ಧದಾರಿಗೆ ಬಂದು ಅವಳ ಕೈ ಹಿಡಿದು ಕರೆದುಕೊಂಡು ಹೋದ.

ಹಾಡು ಮುಗಿದಿರಲಿಲ್ಲ! ನಾಲ್ಕು ಚರಣ ಬರೆದ ಮಹಾನುಭಾವ ನಾನೇ ಅಲ್ಲವೇ. ಆ ರಾಗವನ್ನು ನಡುವೆ ನಿಲ್ಲಿಸಿದರೆ ಅದೇ ವಾರದಲ್ಲಿ ಇನ್ನೊಂದು ಸಾವು ಬರುತ್ತದೆಂದು ನಮ್ಮವರ ನಂಬಿಕೆ. ಹಾಗಾಗಿ ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಜಯಕುಮಾರ ತಲೆ ತಗ್ಗಿಸಿ ಒಂದೊಂದೇ ಸ್ವರವನ್ನು ಎಳೆದು ನುಡಿಸುತ್ತಿದ್ದ. ಎರಡೂ ಕಡೆ ಬೆಂಚು ತುಂಬಿತ್ತು, ಕೂರಲು ಜಾಗವಿರಲಿಲ್ಲ. ಹಿಂದೆ ಹೋದರೆ ಓಡಿಹೋದಂತೆ, ಮುಂದೆ ಹೋದರೆ ಯಾವ ಮುಖ ಹೊತ್ತು? ನಿಂತೆ. ನಿಂತು ನನ್ನ ಪದ್ಯವನ್ನೆಲ್ಲ ಕೇಳಿದೆ. ‘ಹಳೆ ಮನೆ ಬಿಟ್ಟು ನಡೆ, ಬಾಗಿಲು ತೆರೆದಿದೆ’ ಎಂಬುದು ಆ ರಾಗದಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆ ಹೊತ್ತಿಗೆ ನನಗೆ ರಾಗ ಕೇಳಿಸಿತು. ಹುಟ್ಟಿದ ಮೇಲೆ ಮೊದಲ ಸಲ, ಒಂದು ರಾಗ ರಾಗವಾಗಿ ಕೇಳಿಸಿತು. ಸುನೀಲನ ಪೆಟ್ಟಿಗೆ ಇದೇ ದಾರಿಯಲ್ಲಿ ಹೋದ ದಿನ ನಾನು ಇಲ್ಲೇ, ಇದೇ ಬೆಂಚುಗಳ ನಡುವೆ ನಿಂತಿದ್ದೆ. ಸ್ನೇಹ ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದಳು. ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಮಣ್ಣಿನ ಹಾಡಿನ ಎರಡನೆಯ ಚರಣದಲ್ಲಿ ವಿಭಕ್ತಿ ತಪ್ಪಿದೆಯಲ್ಲ ಎಂದು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮದುವೆ ಆಯಿತು. ಊಟವೂ ಆಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಜೀರ್ಣಿಸಿಕೊಳ್ಳಬಹುದಿತ್ತು. ಕೈ ತೊಳೆಯುವ ಜಾಗದಲ್ಲಿ ಸುಲೋಚನಾ ಸಿಕ್ಕಳು. ನಾನು ಸಮರ್ಥನೆಗೆ ತೊಡಗಿದೆ.

“ಪುಸ್ತಕದಾಗ ಸ್ಪಷ್ಟ ಐತಿ ನೋಡು. ಇಂಗ್ಲೆಂಡಿನ್ಯಾಗ ಇದು ಮದುವಿ ರಾಗ!”

“ಹಂಗಾದ್ರ ಮದುವೀನೂ ಇಂಗ್ಲೆಂಡಿನ್ಯಾಗ ಮಾಡಬೇಕಿತ್ತು. ಶಾಮಿಯಾನ ಇಲ್ಲಿ ಯಾಕ ಹಾಕಿಸಿದ್ರಿ?” ಎಂದವಳೇ ಸೆರಗಿನಿಂದ ಕೈ ಒರೆಸಿಕೊಂಡು ಹೋದಳು. ಆ ಶಾಮಿಯಾನಕ್ಕೂ ಫೋನು ಹಚ್ಚಿದ್ದು ಅವಳೇ.

ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ಜಯಕುಮಾರನನ್ನು ಹಿಡಿದೆ.

“ಲೇ, ನಿನಗ ಗೊತ್ತಿತ್ತಲ್ಲ! ಒಂದ ಮಾತು ಹೇಳಾಕ ಏನಾಗಿತ್ತು?”

ಅವನು ಗಾಬರಿಯಾದ. “ನೀವ ಅಂದ್ರಲ್ಲ ಸರ್, ಇದರ ಹಿಂದ ಭಾಳ ಅರ್ಥ ಐತಿ, ಸ್ನೇಹಕ್ಕ ಕೇಳಿದ ಕೂಡಲೆ ತಿಳಕೊಂತಾಳ ಅಂತ. ಸುನೀಲಣ್ಣನ ನೆನಪಿಗೆ ಹಾಡಸ್ತೀರಿ ಅಂದ್ಕೊಂಡೆ. ಮಗಳ ಮದುವ್ಯಾಗ ಸತ್ತ ಅಳಿಯನ್ನ ನೆನಸ್ತಾರ, ಎಂಥಾ ದೊಡ್ಡ ಮನಸ್ಸು ಅಂತ ಈಗ ಹಾಡು ಮುಗದ ಮ್ಯಾಲ ನಮ್ಮ ಮನಿಯವರಿಗೂ ಹೇಳಿದೆ ಸರ್.”

ಅವನು ಮನೆಯವರಿಗೆ ಹೇಳಿದ್ದು ಊಟದ ಪಂಕ್ತಿ ಮುಗಿಯುವುದರೊಳಗೆ ಎಲ್ಲ ಮನೆಗಳಿಗೂ ತಲುಪಿತ್ತು. ಸುನೀಲನ ತಾಯಿ ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಬೀಗ್ರ, ನನ್ನ ಮಗನ್ನ ಎಲ್ಲಾರೂ ಮರತ್ರು ಅಂದ್ಕೊಂಡಿದ್ದೆ. ನೀವು ಮರೀಲಿಲ್ಲ.”

ಏನು ಹೇಳಲಿ? ನಾನು ಅವನನ್ನು ನೆನೆಯಲಿಲ್ಲಮ್ಮ, ಅಕ್ಷರ ಎಣಿಸಿದೆ, ಎಂಟು ಏಳು ಎಂಟು ಏಳು ಸರಿಹೋಯಿತು, ಅದಕ್ಕೆ ಹಾಡಿಸಿದೆ ಎಂದು ಹೇಳಲೇ? “ಹೆಂಗ ಮರೀತೀವಿ ತಾಯಿ” ಎಂದುಬಿಟ್ಟೆ. ಪಕ್ಕದಲ್ಲೇ ಸ್ನೇಹ ಇದ್ದಳು. ಅತ್ತೆಯನ್ನು ಅಪ್ಪಿಕೊಂಡು ಸಮಾಧಾನ ಮಾಡಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳಿಗೆ ಗೊತ್ತು, ನನಗೆ ಗೊತ್ತು, ಸುಲೋಚನಾಳಿಗೆ ಗೊತ್ತು. ಮಿಕ್ಕ ಊರಿಗೆಲ್ಲ ನಾನು ದೊಡ್ಡ ಮನಸ್ಸಿನವನು!

ಅನುವಾದಕ್ಕೂ ಮನ್ನಣೆ ಸಿಗದೇ ಹೋಗಲಿಲ್ಲ. ಮುಂದಿನ ಭಾನುವಾರ ಸ್ತ್ರೀ ಸಂಘದ ಅಧ್ಯಕ್ಷೆ ಹತ್ತಿರ ಬಂದರು. “ಸರ್, ಆ ಸಾಲು ಭಾಳ ಚೆಂದ ಅದಾವ್ರಿ. ಹಳೇ ಮಣ್ಣಿನ ಹಾಡಿಗಿಂತ ನಿಮ್ದ ಛಲೋ ಐತಿ. ಇನ್ನ ಮ್ಯಾಲ ಅದನ್ನ ಹಾಡೋಣಂತ ಎಲ್ಲಾರೂ ಮಾತಾಡೀವಿ.” ಹಾಡುತ್ತಿದ್ದಾರೆ. ಈಗ ಊರಿನಲ್ಲಿ ಯಾರೇ ತೀರಿಕೊಂಡರೂ ಕವಿಯಾಗಿ ನನಗೊಂದು ಕರೆ ಬರುತ್ತದೆ. ಹೋಗುತ್ತೇನೆ, ಮುಂದೆಯೇ ಕೂರಿಸುತ್ತಾರೆ. ಆ ಪಾದ್ರಿಯ ಮದುವೆ ಪದ್ಯಕ್ಕೆ ಹೊಸಪೇಟೆಯಲ್ಲಿ ಇಂಥ ಗತಿ ಬಂತೆಂದು ಆತನ ಊರಿನವರಿಗೆ ಯಾರೂ ತಿಳಿಸದಿದ್ದರೆ ಸಾಕು.

ಸ್ನೇಹ ಸಂಡೂರಿಗೆ ಹೋದಳು. ಚೆನ್ನಾಗಿದ್ದಾಳೆ. ಫೋನು ಮಾಡುತ್ತಾಳೆ, ನಾನು ಎತ್ತಿದರೆ “ಊಟ ಆತೇನಪಾ” ಎಂದು ಕೇಳಿ, “ಅವ್ವಗ ಕೊಡು” ಎನ್ನುತ್ತಾಳೆ. ನನ್ನ ಊಟ ಆಯಿತೋ ಇಲ್ಲವೋ ಎಂಬ ಉತ್ತರಕ್ಕೆ ಕಾಯುವುದಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಇಷ್ಟು ವರ್ಷ ಭಾಷೆ ಕಲಿಸಿದವನಿಗೆ ಒಂದು ಮಾತು ಹೊರಡುವುದಿಲ್ಲ.

ಮೊನ್ನೆ ಇಬ್ಬರೂ ಸಂಡೂರಿಗೆ ಹೋಗಿದ್ದೆವು. ಅವಳ ಮನೆಗೆ ಅಕ್ಕಪಕ್ಕದ ಹೆಂಗಸರು ಬಂದಿದ್ದರು. ಮದುವೆಯ ವೀಡಿಯೋ ನೋಡಬೇಕೆಂದು ಹಟ ಹಿಡಿದರು. ಪ್ರಕಾಶ ಟಿವಿಗೆ ಹಾಕಿದ. ಕಮಲಾಪುರದ ವೀಡಿಯೋದವನು ಜಾಣ. ಹಂಪಿಯ ಬಂಡೆಗಳ ಮೇಲೆ, ಬಾಳೆತೋಟದ ನಡುವೆ ಗಂಡ ಹೆಂಡತಿಯನ್ನು ಬೇಕಾದಷ್ಟು ಓಡಾಡಿಸಿದ್ದ. ಆಮೇಲೆ ಚರ್ಚು ಬಂತು. ಗಂಟೆ, ಸೆರಗು, ಹೆಗಲು ಕೊಡುವ ಹಿರಿಯರು, ಎಲ್ಲವನ್ನೂ ಕತ್ತರಿಸಿ ಬಿಸಾಡಿದ್ದ. ಹಾಡನ್ನು ಪೂರ್ತಿ ತೆಗೆದು ಯಾವುದೋ ಸಿನಿಮಾದ ಕುಣಿತದ ಹಾಡು ಕೂರಿಸಿದ್ದ. ಬಾಗಿಲಲ್ಲಿ ಸ್ನೇಹ ನನ್ನ ತೋಳು ಹಿಡಿದು ನಗುತ್ತಿದ್ದಾಳೆ, ನಾನು ಎದೆಯುಬ್ಬಿಸಿ ಬಾಯಾಡಿಸುತ್ತಿದ್ದೇನೆ. ಮರುಕ್ಷಣ ಅವಳು ಪ್ರಕಾಶನ ಪಕ್ಕದಲ್ಲಿ ನಿಂತಿದ್ದಾಳೆ. ನಾನು ಎಲ್ಲೂ ಇಲ್ಲ.

ಪಕ್ಕದ ಮನೆಯಾಕೆ ಕೇಳಿದರು. “ಅಲ್ಲ ಸ್ನೇಹಾ, ಬಾಗಲದಾಗ ನಿಮ್ಮಪ್ಪಾರು ಕೈ ಹಿಡಕೊಂಡಿದ್ರಲ್ಲ. ಅರ್ಧಕ್ಕ ಬಿಟ್ಟು ಎಲ್ಲಿ ಹೋದ್ರು?”

ಸ್ನೇಹ ಚಹಾದ ಲೋಟಗಳನ್ನು ಎತ್ತುತ್ತಿದ್ದಳು.

“ಹಾಡು ಬರಿಯಾಕ ಹೋಗಿದ್ರು” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೆಂಗಸು ನನ್ನ ಕಡೆ ತಿರುಗಿ, “ಅಯ್ಯ, ನೀವು ಹಾಡೂ ಬರೀತೀರೇನ್ರಿ? ನಮಗ ಗೊತ್ತ ಇರಲಿಲ್ಲ. ಒಂದು ಹಾಡ್ರಲ, ಕೇಳೋಣ!” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸ್ನೇಹ ರಿಮೋಟ್ ತೆಗೆದುಕೊಂಡು ಟಿವಿಯ ಸೌಂಡ್ ಜೋರು ಮಾಡಿದಳು.